ಬೆಂದ ಪೀಪಿ

ಇದನ್ನು ಬರೆಯಬೇಕು ಎಂದುಕೊಳ್ಳುತ್ತಲೇ ಮುಂದೂಡುತ್ತ ಬಂದೆ. ಮೊದಲು ಕೆಲಸವಿತ್ತು, ಆಮೇಲೆ ಮಕ್ಕಳ ಮದುವೆ, ಆಮೇಲೆ ಕಣ್ಣಿನ ಪೊರೆ. ಪೊರೆ ತೆಗೆಸಿದ ಮೇಲೆ ಅಕ್ಷರ ಚೆನ್ನಾಗಿಯೇ ಕಾಣುತ್ತಿದೆ. ಇನ್ನೂ ನೆಪ ಹೇಳಿದರೆ ನನಗೇ ನಗು ಬರುತ್ತದೆ.

ನನ್ನ ಬದುಕು ಒಟ್ಟಿನಲ್ಲಿ ಸುಖವಾಗಿಯೇ ಕಳೆಯಿತು. ಮನಸ್ಸಿಗೆ ಹಿಡಿಸಿದ ಕೆಲಸವೇ ಸಿಕ್ಕಿತು. ಸ್ಯಾಕ್ಸೊಫೋನ್ ವಾದ್ಯಕ್ಕೆ ಬಾಯಿಟ್ಟು ಊದುವ ತುದಿಯೊಂದು ಇರುತ್ತದಲ್ಲ, ಅದನ್ನು ಮಾಡುವ ಕೆಲಸ. ನಾವು ಅದನ್ನು ಮೂತಿ ಎನ್ನುತ್ತಿದ್ದೆವು. ದೊಡ್ಡಬಳ್ಳಾಪುರದ ಪಕ್ಕದ ಹಳ್ಳಿಯಲ್ಲಿ ರಾಗಿ, ಅವರೆ ಬೆಳೆಯುವ ಮನೆಯಲ್ಲಿ ಹುಟ್ಟಿದವನು ಇಂಥ ಕೆಲಸಕ್ಕೆ ಹೇಗೆ ಬಿದ್ದ ಎಂದು ಕೇಳುವವರಿದ್ದಾರೆ. ಮಗ್ಗಗಳಿಂದ ಬಿದ್ದೆ.

ಎಸ್.ಎಸ್.ಎಲ್.ಸಿ. ಮುಗಿಸಿದ ಮೇಲೆ ಗುಮಾಸ್ತನಾಗಲು ಮನಸ್ಸಾಗಲಿಲ್ಲ. ಪೇಟೆಯಲ್ಲಿ ನೇಕಾರರಿಗೆ ಲಾಳಿ, ನೂಲು ಸುತ್ತುವ ಕಂಡಿಕೆ ಕಡೆದು ಕೊಡುವ ಅಂಗಡಿಯೊಂದಿತ್ತು. ಅಲ್ಲಿ ಸೇರಿ ಮರ ಕಡೆಯುವುದನ್ನು ಕಲಿತೆ. ಕೈ ಕುದುರಿದ ಮೇಲೆ ಮರ ತಿರುಗಿಸಿ ಕಡೆಯುವ ಹಳೆಯ ಲೇತೊಂದನ್ನು ಅಂಗಡಿಯಿಂದ ತಂದು ನಮ್ಮ ಮನೆಯ ಜಗುಲಿಯಲ್ಲಿ ಹೂಡಿದೆ. ಅದು ಒಬ್ಬರಿಂದ ನಡೆಯುವ ಯಂತ್ರವಲ್ಲ. ಒಂದು ಬದಿಯಲ್ಲಿ ಬಂಡಿಯ ಗಾಲಿಯಷ್ಟು ದೊಡ್ಡ ಚಕ್ರ, ಅದಕ್ಕೆ ಹಗ್ಗ. ಒಬ್ಬರು ಚಕ್ರ ತಿರುಗಿಸಬೇಕು, ಇನ್ನೊಬ್ಬರು ಉಳಿ ಹಿಡಿಯಬೇಕು.

ಚಕ್ರ ತಿರುಗಿಸಲು ಯಾರು ಎಂಬ ಯೋಚನೆ ಬಂದಾಗ ನನ್ನ ಅತ್ತಿಗೆ ತಾವಾಗಿಯೇ ಬಂದು ಹಿಡಿ ಹಿಡಿದರು. ನನ್ನ ಅಣ್ಣನ ಹೆಂಡತಿ, ನನಗಿಂತ ಸ್ವಲ್ಪ ದೊಡ್ಡವರು, ಕುಂದಾಣದ ಕಡೆಯವರು. ಮಧ್ಯಾಹ್ನದ ಊಟ ಮುಗಿದು, ಅಣ್ಣ ಮತ್ತೆ ಹೊಲಕ್ಕೆ ಹೋಗಿ, ನಮ್ಮ ತಾಯಿ ಒಳಗೆ ಒರಗಿಕೊಂಡ ಹೊತ್ತು ಅತ್ತಿಗೆಯದು. ಸೆರಗು ಸೊಂಟಕ್ಕೆ ಸಿಕ್ಕಿಸಿ ಚಕ್ರಕ್ಕೆ ಕೈ ಹಾಕಿದರೆ ಒಂದೇ ಹದದಲ್ಲಿ ತಿರುಗುತ್ತಿತ್ತು. ರಾಗಿ ಬೀಸುವ ಕೈ ಅದು. ಬೀಸುಕಲ್ಲಿನ ಮುಂದೆ ಹಾಡುವ ಹಾಗೆ ಇಲ್ಲಿಯೂ ಗುನುಗುತ್ತಿದ್ದರು. ನಾನು ಉಳಿ ಒತ್ತಿದರೆ ಸಿಪ್ಪೆ ಸುರುಳಿಸುರುಳಿಯಾಗಿ ಎದ್ದು ಅವರ ಕಾಲಬಳಿ ಬೀಳುತ್ತಿತ್ತು. ಒಲೆ ಹಚ್ಚಲು ಅದನ್ನೇ ಬಾಚಿಕೊಂಡು ಹೋಗುತ್ತಿದ್ದರು.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಪೇಟೆಯ ಮದುವೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಊದುವವರೊಬ್ಬರು ಒಂದು ದಿನ ನಮ್ಮ ಜಗುಲಿಗೆ ಬಂದರು. ಅವರನ್ನು ಊರೆಲ್ಲ ಬ್ಯಾಂಡಣ್ಣ ಎನ್ನುತ್ತಿತ್ತು. ಮೂಲದಲ್ಲಿ ವಾಲಗದ ಮನೆಯವರು. ಹುಡುಗನಾಗಿದ್ದಾಗಲೇ ಬೆಂಗಳೂರಿನ ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, ಹೋಗಿ ಸೈನ್ಯದ ಪಟಾಲಮ್ಮಿನ ಬ್ಯಾಂಡಿನಲ್ಲಿ ಈ ವಾದ್ಯ ಕಲಿತು ಊರಿಗೆ ಮರಳಿದ್ದರು. ನಮ್ಮ ಕಡೆಯ ಜನ ಆ ವಾದ್ಯವನ್ನು ನೋಡಿ ಆನೆಯ ಸೊಂಡಿಲು ಎನ್ನುತ್ತಿದ್ದರು. ಅವರ ಹತ್ತಿರ ಎರಡು ಮೂತಿಗಳಿದ್ದವು. ಒಂದು ಒಡೆದಿತ್ತು. ಇನ್ನೊಂದು ತೀರ ಹಳೆಯದು, ಅವರ ಗುರುಗಳು ಊದಿದ್ದು. ಗುರುಗಳು ತೀರಿಕೊಳ್ಳುವ ಮೊದಲು ಕೈಯಾರೆ ಕೊಟ್ಟಿದ್ದರಂತೆ. ಯುದ್ಧದಿಂದಾಗಿ ಪರದೇಶದಿಂದ ಸರಕು ಬರುವುದು ನಿಂತಿತ್ತು. ದಂಡಿನ ಅಂಗಡಿಗಳಲ್ಲಿ ಮೂತಿ ಇರಲಿಲ್ಲ. ಲಾಳಿ ಕಡೆಯುವ ಕೈ ಇದನ್ನೂ ಕಡೆಯಬಹುದಲ್ಲವೇ ಎಂದು ಕೇಳಿಕೊಂಡು ಬಂದಿದ್ದರು.

ಒಡೆದದ್ದನ್ನು ಮುಂದಿಟ್ಟುಕೊಂಡು ಶುರು ಮಾಡಿದೆ. ಮೇಲ್ನೋಟಕ್ಕೆ ಅದು ಬಾತುಕೋಳಿಯ ಕೊಕ್ಕು. ಒಳಗೆ ಟೊಳ್ಳು, ಕೆಳಗೆ ಚಪ್ಪಟೆ ಹಾಸು, ಹಾಸಿನಲ್ಲೊಂದು ಕಿಂಡಿ. ಆ ಕಿಂಡಿಯ ಮೇಲೆ ರೀಡು ಎನ್ನುವ ತೆಳು ಪಟ್ಟಿಯನ್ನು ಬಿಗಿದು ಕಟ್ಟುತ್ತಾರೆ. ಊದಿದಾಗ ಅದು ನಡುಗಿ ದನಿ ಹುಟ್ಟುತ್ತದೆ. ಹೊರಗಿನ ಆಕಾರ ಯಾರಾದರೂ ಕಡೆದಾರು. ಕಷ್ಟವಿರುವುದು ಆ ಹಾಸಿನಲ್ಲಿ. ಹಿಂಭಾಗ ಕನ್ನಡಿಯಂತೆ ಸಮನಾಗಿರಬೇಕು, ಮುಂದೆ ಹೋಗುತ್ತ ರೀಡಿನಿಂದ ಮೆಲ್ಲಗೆ ದೂರ ಬಾಗಬೇಕು. ಬಾಗು ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ಗೊತ್ತಾದರೆ ಮೂತಿ ಕೆಟ್ಟಿತೆಂದೇ ಲೆಕ್ಕ. ಗಾಜಿನ ಮೇಲೆ ನಯವಾದ ಉಪ್ಪುಕಾಗದ ಹಾಸಿ, ಒಂದಷ್ಟು ಉಜ್ಜಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಉಜ್ಜುವುದು. ಅವಸರದವರಿಗಲ್ಲ.

ಮೊದಲು ಬೀಟೆ ಮರದಲ್ಲಿ ಮಾಡಿದೆ. ಎರಡು ಮದುವೆಗೆ ಉಗುಳು ಕುಡಿದು ಊದಿಕೊಂಡಿತು. ಆಮೇಲೆ ಎಮ್ಮೆಯ ಕೊಂಬಿನ ಗಟ್ಟಿ ತುದಿಯಲ್ಲಿ ಮಾಡಿದೆ. ತೂತು ಕೊರೆಯುವಾಗ ಎದ್ದ ನಾತಕ್ಕೆ ಅತ್ತಿಗೆ ಮೂಗಿಗೆ ಸೆರಗು ಹಿಡಿದು, "ಯಾರ್ದೋ ಜುಟ್ಟಿಗೆ ಬೆಂಕಿ ಬಿದ್ದಂಗೈತೆ ಕಣಪ್ಪ" ಎಂದರು. ಆದರೂ ಚಕ್ರ ಬಿಡಲಿಲ್ಲ. ಕೊಂಬಿನದು ಊದಿತು, ಆದರೆ ಕುರಿಮರಿಯಂತೆ ಅರಚಿತು. ಬ್ಯಾಂಡಣ್ಣ ಊದಿ ನಿಲ್ಲಿಸಿ, ನಮ್ಮ ಕೊಟ್ಟಿಗೆಯ ಕಡೆ ನೋಡಿದರು. ಅಲ್ಲಿಂದ ಕರು ಉತ್ತರ ಕೊಟ್ಟಿತ್ತು. ಮೂವರೂ ಬಿದ್ದು ಬಿದ್ದು ನಕ್ಕೆವು.

ಹಳೆಯ ಮೂತಿಯನ್ನು ಕೆಲವು ದಿನ ಇಟ್ಟುಕೊಂಡು ನೋಡದೆ ದಾರಿಯಿಲ್ಲ ಎಂದೆ. ಅವರು ಬಹಳ ಹಿಂಜರಿದರು. ಕೊನೆಗೆ ಧನುರ್ಮಾಸ ಬಂತು. ಆ ತಿಂಗಳು ನಮ್ಮಲ್ಲಿ ಮದುವೆ ಮಾಡುವುದಿಲ್ಲ, ಬ್ಯಾಂಡಿನ ವಾದ್ಯಗಳೆಲ್ಲ ಗೂಡು ಸೇರುತ್ತವೆ. ಸಂಕ್ರಾಂತಿ ಕಳೆದ ಮೇಲೆ ಮೊದಲ ಮದುವೆಯಲ್ಲಿ ಊದಲು ಅವರು ಒಪ್ಪಿಕೊಂಡಾಗಿತ್ತು. ಅದು ಅತ್ತಿಗೆಯ ತವರೂರಿನಲ್ಲೇ. ಅಷ್ಟರೊಳಗೆ ಹಿಂದಕ್ಕೆ ಕೊಡಬೇಕೆಂದು ಹೇಳಿ, ರೇಷ್ಮೆಯ ಚೂರಿನಲ್ಲಿ ಸುತ್ತಿದ ಮೂತಿಯನ್ನು ನನ್ನ ಕೈಗಿಟ್ಟರು.

"ಇದು ನನ್ನ ಗಂಟಲು ಕಣಪ್ಪಾ. ಹುಷಾರು."

ಎಬೊನೈಟಿನದು ಅದು. ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರು, ಆಗಿನ ಫೌಂಟನ್ ಪೆನ್ನುಗಳೂ ಅದರಲ್ಲೇ ಆಗುತ್ತಿದ್ದವು. ಕರಿ ಎಳ್ಳಿನಂತೆ ಹೊಳೆಯುತ್ತಿತ್ತು. ಒಳಗನ್ನು ಯಾರೋ ಬಟ್ಟಲಿನಂತೆ ದುಂಡಗೆ ಕೊರೆದಿದ್ದರು. ಮೇಲ್ಭಾಗದಲ್ಲಿ ಎರಡು ಸಣ್ಣ ಹಳ್ಳಗಳಿದ್ದವು. ಗುರುಗಳ ಮೇಲಿನ ಹಲ್ಲು ವರ್ಷಗಟ್ಟಲೆ ಊರಿ ಊರಿ ಬಿದ್ದ ಗುರುತು. ಬ್ಯಾಂಡಣ್ಣನ ಹಲ್ಲೂ ಅಲ್ಲೇ ಕೂರುತ್ತಿತ್ತು.

ಮೂತಿಯನ್ನು ಪರೀಕ್ಷಿಸಲು ಒಂದು ಕ್ರಮವಿದೆ. ಒದ್ದೆ ರೀಡು ಕಟ್ಟಿ, ಹಿಂದಿನ ತೂತನ್ನು ಅಂಗೈಯಿಂದ ಮುಚ್ಚಿ, ಬಾಯಿಟ್ಟು ಗಾಳಿ ಎಳೆದುಕೊಂಡು ಬಾಯಿ ತೆಗೆಯಬೇಕು. ಹಾಸು ಸಮನಾಗಿದ್ದರೆ ರೀಡು ಒಂದು ಗಳಿಗೆ ಅಂಟಿಕೊಂಡು ಆಮೇಲೆ ಟಪ್ ಎಂದು ಬಿಡುತ್ತದೆ. ಒಳ್ಳೆಯ ಮೂತಿಯ ಟಪ್ ಹೇಗಿರುತ್ತದೆ ಎಂದು ನನಗೆ ಕೇಳಬೇಕಿತ್ತು. ಬಾಯಿಯ ಹತ್ತಿರ ತಂದೆ. ಆ ಹಲ್ಲಿನ ಹಳ್ಳ ಕಂಡು ಕೈ ಹಿಂದಕ್ಕೆ ಬಂತು. ಎಂಜಲು. ಅದೂ ಸತ್ತವರ ಎಂಜಲು. ನಮ್ಮ ಮನೆಯಲ್ಲಿ ಒಬ್ಬರು ಕುಡಿದ ಲೋಟವನ್ನು ಇನ್ನೊಬ್ಬರು ಕಚ್ಚಿ ಕುಡಿಯುವಂತಿರಲಿಲ್ಲ. ಎತ್ತಿ ಕುಡಿಯಬೇಕು. ಹತ್ತನೆಯ ತರಗತಿಯವರೆಗೆ ವಿಜ್ಞಾನ ಓದಿದ್ದೆ, ಗಂಧಕ, ರಬ್ಬರು ಎಲ್ಲ ಪಾಠದಲ್ಲಿತ್ತು. ಅದೊಂದೂ ಆಗ ನೆನಪಿಗೆ ಬರಲಿಲ್ಲ. ಬಚ್ಚಲುಮನೆಗೆ ಹೋಗಿ ಹಂಡೆಯಲ್ಲಿ ಮರಳುತ್ತಿದ್ದ ನೀರನ್ನು ಚೊಂಬಿಗೆ ತೋಡಿ, ಚಿಟಿಕೆ ಬೂದಿ ಹಾಕಿ, ಮೂತಿಯನ್ನು ಅದರಲ್ಲಿ ಬಿಟ್ಟು ಚೊಂಬನ್ನು ಒಲೆಯ ಬಾಯಲ್ಲೇ ಇಟ್ಟೆ. ಒಂದೆರಡು ನಿಮಿಷ ಸಾಕೆಂದು ನನ್ನ ಲೆಕ್ಕ.

ಅಷ್ಟರಲ್ಲಿ ಎತ್ತು ಗೂಟ ಕಿತ್ತುಕೊಂಡು ಅವರೆ ಹೊಲಕ್ಕೆ ನುಗ್ಗಿತೆಂದು ಪಕ್ಕದ ಮನೆಯವರು ಕೂಗಿದರು. ಓಡಿದೆ. ಅದನ್ನು ಹಿಡಿದು ತಂದು ಕಟ್ಟುವ ಹೊತ್ತಿಗೆ ಚೊಂಬಿನ ನೆನಪೇ ಹೋಗಿತ್ತು. ನಾತ ನೆನಪಿಸಿತು. ಕೊಳೆತ ಮೊಟ್ಟೆಯ ನಾತ. ಓಡಿ ಹೋಗಿ ಹಿಂದೆಮುಂದೆ ನೋಡದೆ ಕುದಿಯುವ ನೀರಿಗೆ ಕೈ ಹಾಕಿ ಎತ್ತಿದೆ. ಕಪ್ಪಾಗಿದ್ದದ್ದು ಹಸಿ ಸಗಣಿಯ ಹಸಿರು ಬಣ್ಣಕ್ಕೆ ತಿರುಗಿತ್ತು. ಕೊಕ್ಕಿನ ತುದಿ ಒಂದು ಬದಿಗೆ ಸೊಟ್ಟಗಾಗಿತ್ತು.

ಹುಲ್ಲಿನ ಹೊರೆ ಇಳಿಸಿ ಒಳಗೆ ಬಂದ ಅತ್ತಿಗೆ ಮೊದಲು ನೋಡಿದ್ದು ನನ್ನ ಬೆರಳುಗಳನ್ನು. ತಣ್ಣೀರಿನ ಕೊಳದಪ್ಪಲೆಯಲ್ಲಿ ಕೈ ಮುಳುಗಿಸಿ ಹಿಡಿದರು, ಬೆಣ್ಣೆ ಸವರಿದರು. ಆಮೇಲೆ ಏನಾಯಿತೆಂದು ಕೇಳಿದರು. ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಆ ಮನುಷ್ಯನಿಗೆ ಬೇಗ ತಿಳಿಸಿಬಿಡು ಎಂದಷ್ಟೇ ಅಂದರು.

ತಿಳಿಸಲಿಲ್ಲ. ಎಣ್ಣೆ ತಿಕ್ಕಿದೆ, ದೀಪದ ಮಸಿ ಬಳಿದೆ. ಒರೆಸಿದ ಕೂಡಲೇ ಹಸಿರು ಮತ್ತೆ ಮುಖ ತೋರಿಸುತ್ತಿತ್ತು.

ಸಂಕ್ರಾಂತಿಯ ಮರುದಿನ ಬ್ಯಾಂಡಣ್ಣ ತಾವೇ ಬಂದರು. ಪಂಚೆಯ ತುದಿಯಲ್ಲಿ ನಮ್ಮ ತಾಯಿಗೆಂದು ಎಳ್ಳುಬೆಲ್ಲ ಕಟ್ಟಿಕೊಂಡು ಬಂದಿದ್ದರು. ಇನ್ನೊಂದು ಕೈಯಲ್ಲಿ ಮೊಣಕೈ ಉದ್ದದ ದಪ್ಪ ಕರಿಯ ಕಡ್ಡಿ. ದಂಡಿನ ಗುಜರಿಯಲ್ಲಿ ಹುಡುಕಿ ತಂದ ಎಬೊನೈಟು. ಇನ್ನು ಮೇಲೆ ಇದರಲ್ಲಿ ಮಾಡು ಎಂದು ನಗುತ್ತ ಕೊಟ್ಟು, ಜಗುಲಿಯ ಮೇಲೆ ಕೂತು, "ಎಲ್ಲಪ್ಪಾ ನನ್ನ ಗಂಟಲು?" ಎಂದರು.

ರೇಷ್ಮೆ ಬಿಚ್ಚಿ ತೋರಿಸಿದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಮುಖದಲ್ಲಿದ್ದ ನಗು ಅಲ್ಲಿಗೇ ನಿಂತಿತು. ಏನಾಯಿತೆಂದು ಕೇಳಲೂ ಇಲ್ಲ. ನಾನೇ ಬಾಯಿ ತೆರೆದೆ.

"ನಮ್ಮತ್ತಿಗೆ ಗೊತ್ತಿಲ್ದೆ ಬಿಸಿನೀರಿಗೆ ಹಾಕ್ಬಿಟ್ರು ಅಣ್ಣಾ, ಎಂಜಲು ಅಂತ. ಹೆಂಗಸ್ರಿಗೆ ಇದೆಲ್ಲ ಏನ್ ತಿಳೀತದೆ."

ಮಾತು ಮುಗಿದ ಮೇಲೆ ಹೊಸಿಲ ಕಡೆ ನೋಡಿದೆ. ಅತ್ತಿಗೆ ಮಜ್ಜಿಗೆಯ ಲೋಟ ಹಿಡಿದು ಅಲ್ಲೇ ನಿಂತಿದ್ದರು. ನನ್ನನ್ನು ಒಂದು ಸಲ ನೋಡಿದರು. ಬೆಣ್ಣೆ ಸವರಿ ತಾವೇ ಬಟ್ಟೆ ಸುತ್ತಿದ್ದ ನನ್ನ ಬೆರಳುಗಳನ್ನೂ ನೋಡಿದರು. ಆಮೇಲೆ ಲೋಟವನ್ನು ಬ್ಯಾಂಡಣ್ಣನ ಮುಂದಿಟ್ಟು ತಲೆ ತಗ್ಗಿಸಿದರು.

"ಹೂಂ ಕಣಣ್ಣಾ. ತೊಳ್ಯಾನ ಅಂತ ಹಾಕ್ದೆ. ನಂದೇ ತಪ್ಪು."

ಬ್ಯಾಂಡಣ್ಣ ಮಜ್ಜಿಗೆಯನ್ನು ಎತ್ತಿ ಪೂರ್ತಿ ಕುಡಿದು ಮೀಸೆ ಒರೆಸಿಕೊಂಡರು. ಬೇಕೆಂದು ಮಾಡಿದ್ದಲ್ಲವಲ್ಲ, ಹೋಗಲಿ ಬಿಡು ತಾಯಿ ಎಂದರು. ಹಸಿರು ಮೂತಿಯನ್ನು ನನ್ನ ಮುಂದೆಯೇ ಬಿಟ್ಟು, ಮದುವೆಯ ಹೊತ್ತಿಗೆ ಏನಾದರೂ ಊದುವಂಥದ್ದು ಮಾಡಿಕೊಡು ಎಂದು ಹೇಳಿ ಹೊರಟರು.

ಸಂಜೆ ಅಣ್ಣನಿಗೆ ವಿಷಯ ಮುಟ್ಟಿತು. ಅಣ್ಣ ಜೋರಿನವನಲ್ಲ. ಆದರೆ ಇನ್ನೊಬ್ಬರ ಸಾಮಾನು ನಮ್ಮ ಮನೆಯಲ್ಲಿ ಹಾಳಾಯಿತೆಂಬುದು ಅವನಿಗೆ ಸಹಿಸಲಾಗಲಿಲ್ಲ. ಇನ್ನು ಜಗುಲಿಯ ಸಾಮಾನು ಮುಟ್ಟಬೇಡ ಎಂದು ಅತ್ತಿಗೆಗೆ ಹೇಳಿದ. ಅವರು ಆಗಲಿ ಎಂದರು. ನಾನು ಅಲ್ಲೇ ಕೂತು ಮುದ್ದೆ ಮುರಿಯುತ್ತಿದ್ದೆ.

ಚಕ್ರ ನಿಂತಿತು. ಲಾಳಿ ಅಂಗಡಿಯವರನ್ನು ಕೇಳಿಕೊಂಡು ಕಾಲಿನಲ್ಲಿ ತುಳಿಯುವ ಪೆಡಲು ಹೂಡಿಸಿಕೊಂಡೆ. ಒಬ್ಬನೇ ತುಳಿದುಕೊಂಡು ಒಬ್ಬನೇ ಕಡೆಯುವುದು ರೂಢಿಯಾಗಲು ಹೊತ್ತು ಹಿಡಿಯಿತು. ಬೆಂದ ಮೂತಿಯ ತುದಿ ಕೆಟ್ಟಿತ್ತೇ ಹೊರತು ಒಳಗಿನ ಬಟ್ಟಲು ಹಾಗೆಯೇ ಉಳಿದಿತ್ತು. ಅದಕ್ಕೆ ಮೇಣ ತುಂಬಿ ಅಚ್ಚು ತೆಗೆದು, ಅದೇ ಆಕಾರಕ್ಕೆ ಹೊಸ ಎಬೊನೈಟಿನ ಒಳಗನ್ನು ಸಣ್ಣ ಉಳಿಯಿಂದ ಕೆರೆದೆ. ಹಾಸನ್ನು ಗಾಜಿನ ಮೇಲೆ ಉಜ್ಜಿದೆ. ಮದುವೆ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ರೀಡು ಕಟ್ಟಿ ಗಾಳಿ ಎಳೆದು ಬಾಯಿ ತೆಗೆದರೆ ಟಪ್ ಎಂದಿತು. ದುಂಡಗೆ, ಸ್ಪಷ್ಟವಾಗಿ, ಮಾಗಿದ ಅವರೆಯ ಕಾಯಿ ಬಿರಿದ ಹಾಗೆ. ಎಷ್ಟೋ ತಿಂಗಳು ಕಾದಿದ್ದ ಶಬ್ದ ಅದು. "ಅತ್ತಿಗೇ" ಎಂದು ಕೂಗಲು ಹೋಗಿ ಬಾಯಿ ಮುಚ್ಚಿಕೊಂಡೆ.

ಒಳಗಿಂದ ಅವರ ದನಿಯೇ ಬಂತು. "ಆಯ್ತೇನಪ್ಪಾ?"

"ಆಯ್ತು ಅತ್ತಿಗೆ."

"ಕೇಳಿಸ್ತು."

ಮದುವೆಗೆ ಬಂಡಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೋದೆವು. ಚಪ್ಪರದ ಕೆಳಗೆ ಬ್ಯಾಂಡಣ್ಣ ಹೊಸ ಮೂತಿಯಲ್ಲಿ ಊದಿದರು. ಮೊದಲು ಅಳುಕುತ್ತ, ಆಮೇಲೆ ಕಣ್ಣು ಮುಚ್ಚಿಕೊಂಡು. ಧಾರೆಯ ಹೊತ್ತಿನಲ್ಲಿ ಅವರ ದನಿ ಡೋಲನ್ನೂ ಮೀರಿ ಏರಿದಾಗ ಹೆಂಗಸರು ಅಕ್ಷತೆ ಹಾಕುವುದನ್ನು ಮರೆತು ಅತ್ತ ತಿರುಗಿದರು. ಅಂಥ ಸಂತೋಷವನ್ನು ಆಮೇಲೆ ನಾನು ಹೆಚ್ಚು ಸಲ ಕಂಡಿಲ್ಲ. ಅದನ್ನು ಸುಳ್ಳು ಎನ್ನಲಾರೆ.

ಊಟಕ್ಕೆ ಕೂತಾಗ ಅತ್ತಿಗೆಯ ತವರಿನವರು ಶುರು ಹಚ್ಚಿದರು. ಬ್ಯಾಂಡಿನ ಹುಡುಗರಿಂದ ಸುದ್ದಿ ಅಲ್ಲಿಗಾಗಲೇ ಬಂದಿತ್ತು. ಬಡಿಸುತ್ತಿದ್ದ ಅವರ ಚಿಕ್ಕಮ್ಮ ಸಾಲಿಗೆಲ್ಲ ಕೇಳುವ ಹಾಗೆ, "ಏನವ್ವಾ, ಗಂಡನ ಮನೇಲಿ ಕಾಳು ಖಾಲಿ ಅಂತ ಪೀಪಿ ಬೇಯಿಸ್ದ್ಯಂತೆ? ಉಪ್ಪು ಖಾರ ಸರಿಯಾಗಿತ್ತಾ?" ಎಂದರು. ಸಾಲು ಸಾಲೇ ನಕ್ಕಿತು. ಅತ್ತಿಗೆಯೂ ನಕ್ಕರು. "ಸ್ವಲ್ಪ ನಾರಾಗಿತ್ತು ಕಣ್ ಚಿಕ್ಕಮ್ಮ" ಎಂದರು.

ನಾನೂ ನಕ್ಕೆ. ಅಂದು ಹೇಳಿದ ಸುಳ್ಳಿಗಿಂತ ಈ ನಗು ನನ್ನನ್ನು ಹೆಚ್ಚು ಕಾಡಿದೆ. ಸುಳ್ಳು ಹೆದರಿಕೆಯಿಂದ ಬಂತು ಎಂದುಕೊಳ್ಳಬಹುದು. ಅವರ ತವರಿನ ಎಲೆಯ ಮುಂದೆ ಕೂತು, ಅವರ ಮುಖ ನೋಡಿಕೊಂಡು ನಗಲು ನನಗೆ ಯಾವ ಹೆದರಿಕೆಯೂ ಇರಲಿಲ್ಲ.

ಆ ಮದುವೆಯಿಂದ ನನ್ನ ಕೆಲಸ ಹಬ್ಬಿತು. ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಬ್ಯಾಂಡಿನವರು ಹುಡುಕಿಕೊಂಡು ಬರತೊಡಗಿದರು. ಯುದ್ಧ ಮುಗಿದು ಗುಜರಿಯಲ್ಲಿ ಎಬೊನೈಟು ಧಾರಾಳವಾಗಿ ಸಿಗತೊಡಗಿತು. ಪ್ರತಿಯೊಬ್ಬರ ಹಲ್ಲು, ತುಟಿ, ಉಸಿರು ನೋಡಿ ತಕ್ಕ ಹಾಗೆ ಬಾಗು ಕೊಡುವುದನ್ನು ಕಲಿತೆ. ಅವರ ಎದುರಿಗೇ ಬಾಯಿಟ್ಟು ಪರೀಕ್ಷಿಸಿ ಒರೆಸಿ ಕೊಡುತ್ತಿದ್ದೆ. ಎಂಜಲಿನ ಗೀಳು ತಾನಾಗಿ ಬಿಟ್ಟುಹೋಯಿತು. ಅತ್ತಿಗೆ ಜಗುಲಿಗೆ ಮತ್ತೆ ಕೆಲಸಕ್ಕೆ ಬರಲಿಲ್ಲ. ಒಲೆಯ ಮುಂದೆ ಕೂತೇ ಒಮ್ಮೊಮ್ಮೆ, "ಉಳಿ ಮೊಂಡಾಗೈತೆ ನೋಡ್ಕೊ" ಎನ್ನುತ್ತಿದ್ದರು. ನೋಡಿದರೆ ಮೊಂಡಾಗಿರುತ್ತಿತ್ತು. ಚಕ್ರವನ್ನು ಅಣ್ಣ ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟಿದ್ದ. ಅದರ ಮೇಲೆ ಅವರು ಹಪ್ಪಳದ ಬಟ್ಟೆ ಒಣಗಿಸುತ್ತಿದ್ದರು.

ಬ್ಯಾಂಡಣ್ಣನಿಗೆ ಕೆಲವು ವರ್ಷಗಳ ನಂತರ ನಿಜ ಹೇಳಿ ಕ್ಷಮೆ ಕೇಳಿದೆ. ಅವರು ರೀಡು ಕೆರೆಯುತ್ತಿದ್ದರು, ತಲೆ ಎತ್ತಲಿಲ್ಲ.

"ಅವತ್ತೇ ಗೊತ್ತಿತ್ತು ಬಿಡಪ್ಪಾ. ಬೆರಳು ಸುಟ್ಕೊಂಡಿದ್ದೋನು ನೀನು, ಅವರಲ್ಲ."

ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

"ಆ ತಾಯಿ ನಿನಗೋಸ್ಕರ ತಲೆ ತಗ್ಗಿಸಿದ್ರು. ನಾನು ಬಾಯಿ ಬಿಟ್ಟಿದ್ರೆ ಅದೂ ದಂಡ ಆಗೋದು." ರೀಡನ್ನು ಬೆಳಕಿಗೆ ಹಿಡಿದು ನೋಡಿ ಮತ್ತೆ ಕೇಳಿದರು. "ಅವರ ಹತ್ರ ಕೇಳ್ಕೊಂಡ್ಯಾ?"

ಕೇಳ್ತೀನಿ ಎಂದೆ.

ಕೇಳಲಿಲ್ಲ. ಒಂದೇ ಮನೆಯಲ್ಲಿ, ಅವರ ಕೈಯ ಊಟ ಉಂಡುಕೊಂಡು, ಅಷ್ಟು ವರ್ಷ ಕೇಳಲಿಲ್ಲ. ಅಣ್ಣನಿಗೂ ಹೇಳಲಿಲ್ಲ. ಪೀಪಿ ಬೇಯಿಸಿದ ಮಾತು ಮನೆಯ ನಗೆಚಾಟಿಕೆಯಾಗಿ ಬೆಳೆಯಿತು. ಅವರ ಮಕ್ಕಳು ಹೇಳಿದರು, ನನ್ನ ಮಕ್ಕಳು ಹೇಳಿದರು, ಬಂದ ಸೊಸೆಯರಿಗೂ ಯಾರಾದರೊಬ್ಬರು ಹೇಳಿಕೊಟ್ಟರು. ಸಾರಿಗೆ ಉಪ್ಪು ಹೆಚ್ಚಾದರೆ, ಹಾಲು ಉಕ್ಕಿದರೆ, ಕೂಡಲೇ ಆ ಮಾತು. ಅತ್ತಿಗೆ ಪ್ರತಿ ಸಲವೂ ನಗುತ್ತಿದ್ದರು. ಅವರಿಗೆ ನೋವಿಲ್ಲ, ಈಗ ಎತ್ತಿದರೆ ಅನಾವಶ್ಯಕ ನೋವು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಅವರಿಗೆ ವಯಸ್ಸಾದ ಮೇಲೆ ಒಂದು ಅವರೆಯ ಕಾಲದಲ್ಲಿ ಇಬ್ಬರೂ ಜಗುಲಿಯಲ್ಲಿ ಕೂತು ಕಾಳು ಹಿದುಕುತ್ತಿದ್ದೆವು. ಇದ್ದಕ್ಕಿದ್ದಂತೆ ಆ ಹಸಿರು ಮೂತಿ ಇನ್ನೂ ಇದೆಯೇ ಎಂದು ಕೇಳಿದರು. ತಂದುಕೊಟ್ಟೆ. ಅಂಗೈಯಲ್ಲಿಟ್ಟುಕೊಂಡು ಹಲ್ಲಿನ ಹಳ್ಳಗಳ ಮೇಲೆ ಬೆರಳಾಡಿಸಿದರು.

"ಚಕ್ರ ತಿರುಗ್ಸೋದು ಅಂದ್ರೆ ನಂಗೆ ಬಲು ಇಷ್ಟ ಇತ್ತು ಕಣಪ್ಪಾ" ಎಂದರು.

ಅಷ್ಟೇ. ದೂರಿನ ದನಿಯೇ ಇರಲಿಲ್ಲ. ಮಾತು ನನ್ನ ಗಂಟಲಿಗೆ ಬಂದಿತ್ತು. ಅಷ್ಟರಲ್ಲಿ ಅವರ ಮೊಮ್ಮಗಳೊಬ್ಬಳು ಬಂದು, ಅಜ್ಜಿ ಬೇಯಿಸಿದ ಪೀಪಿ ಇದೇನಾ ಎಂದು ಕೇಳಿದಳು. ಅತ್ತಿಗೆ ನನ್ನ ಕಡೆ ನೋಡಿದರು. ನಾನು ಹೇಳಬಹುದಾದಷ್ಟು ಹೊತ್ತು ನೋಡಿದರು. ನಾನು ಅವರೆಕಾಯಿಯ ಬುಟ್ಟಿ ನೋಡುತ್ತಿದ್ದೆ. "ಹೂಂ ಕಣೇ, ಇದೇ" ಎಂದು ಅವರೇ ಮಗುವಿನ ಕೈಗೆ ಕೊಟ್ಟರು. ಮುಂದಿನ ಅವರೆಗೆ ಅವರಿರಲಿಲ್ಲ.

ಮೂತಿ ಈಗ ನನ್ನ ಮೇಜಿನ ಮೇಲಿದೆ. ಸ್ವಲ್ಪ ಬಿಸಿಲು ತಾಗಿದರೆ ಇವತ್ತಿಗೂ ಗಂಧಕದ ವಾಸನೆ ಬರುತ್ತದೆ. ಇದನ್ನು ಮೊದಲು ಓದುವವರು ನಮ್ಮ ಮನೆಯ ಮಕ್ಕಳೇ ಆಗಿರುತ್ತಾರೆ. ಅವರಲ್ಲಿ ಒಂದು ಕೇಳಿಕೆ. ಆ ನಗೆಚಾಟಿಕೆಯನ್ನು ಬಿಡಬೇಡಿ, ಒಳ್ಳೆಯ ನಗೆಚಾಟಿಕೆ ಅದು. ಹೆಸರನ್ನಷ್ಟೇ ತಿದ್ದಿಕೊಳ್ಳಿ. ಪೀಪಿ ಬೇಯಿಸಿದ್ದು ತಾತ. ತಾತ ಅದಕ್ಕಾಗಿ ಕ್ಷಮೆ ಕೇಳಬೇಕಾಗಿದ್ದು, ಕೇಳದೆ ಉಳಿದದ್ದು, ಚಕ್ರ ತಿರುಗಿಸುತ್ತಿದ್ದ ತನ್ನ ಅತ್ತಿಗೆಯನ್ನು.